ಹನ್ನೆರಡರ ಆಚೆಗೆ ಸರಿದ ಹುಟ್ಟುಹಬ್ಬ

ಗುಟ್ಟು ಎಂಬುದು ಮನುಷ್ಯನ ಘನತೆಯ ಕೊನೆಯ ಕೋಟೆ. ಅದನ್ನು ಬಿಟ್ಟುಕೊಟ್ಟವನು ಮೈತುಂಬ ಬಟ್ಟೆಯಿದ್ದರೂ ಬೆತ್ತಲೆಯೇ. ಈ ಮಾತನ್ನು ಯಾವುದಾದರೂ ಸಭೆಯಲ್ಲಿ ಆಡಬೇಕೆಂದು ಬಹಳ ಕಾಲ ಜೋಪಾನವಾಗಿಟ್ಟುಕೊಂಡಿದ್ದೆ. ಯಾರೂ ಸಭೆಗೆ ಕರೆಯಲಿಲ್ಲ. ಕರೆದಿದ್ದರೂ ಬನಶಂಕರಿ ಎರಡನೇ ಹಂತದ ನಮ್ಮ ರಸ್ತೆಯವನ ಬಾಯಲ್ಲಿ ಅದು ಶೋಭಿಸುತ್ತಿರಲಿಲ್ಲ. ನಮ್ಮಲ್ಲಿ ಯಾರ ಮನೆಯ ಹುಳಿಗೆ ಇವತ್ತು ಯಾವ ತರಕಾರಿ ಎಂಬುದು ಒಗ್ಗರಣೆ ಬೀಳುವ ಮೊದಲೇ ಎದುರು ಮನೆಗೆ ತಿಳಿದಿರುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ ರಸ್ತೆಗೆಲ್ಲ ಒಂದೇ ಫೋನು. ಯಾರಿಗೆ ಕೆಲಸ ಸಿಕ್ಕಿತು, ಯಾರ ಭಾವಮೈದುನ ಆಸ್ಪತ್ರೆ ಸೇರಿದ ಎಂಬುದನ್ನು ಆ ಮನೆಯ ನಡುಮನೆಯಲ್ಲಿ ನಿಂತು ಎಲ್ಲರೂ ಕೂಗಿ ಕೂಗಿಯೇ ಹೇಳುತ್ತಿದ್ದರು. ದೂರದ ಊರಿಗೆ ಕೇಳಿಸಬೇಕಲ್ಲ.

ಇಂಥ ರಸ್ತೆಯಲ್ಲಿದ್ದೂ ನಮ್ಮ ಮನೆ ಒಂದೇ ಒಂದು ಗುಟ್ಟನ್ನು ಉಳಿಸಿಕೊಂಡಿತ್ತು. ಅದನ್ನು ಹೊರಹಾಕಿದ್ದು ಎದುರು ಮನೆಯವರಲ್ಲ. ಎಲ್ಲಿಯೋ ಇದ್ದ ಒಂದು ಯಂತ್ರ, ಅದೂ ಶುಭಾಶಯ ಕೋರುವ ಉತ್ಸಾಹದಲ್ಲಿ.

ಕೆಳಗಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು. ಮೇಲಿನ ಒಂಟಿ ಕೋಣೆಯಲ್ಲಿ ನಾನು, ನನ್ನ ಪುಸ್ತಕಗಳು, ಮತ್ತು ಮದುವೆಯಾಗದ ಗಂಡಸಿಗೆ ಜನ ಕೊಡುವ ಅನುಕಂಪ. ಊಟ ಕೆಳಗೆ. ಅಣ್ಣ ಸರ್ಕಾರಿ ಕಚೇರಿಯಲ್ಲಿದ್ದು, ಒಂದು ಪೆನ್ನನ್ನೂ ಮನೆಗೆ ತರದೆ ನಿವೃತ್ತನಾದವನು. ಇಡೀ ಆಯುಷ್ಯದಲ್ಲಿ ಆತ ಹೇಳಿದ್ದು ಒಂದೇ ಸುಳ್ಳು. ಅಭ್ಯಾಸವಿಲ್ಲದವರು ಸುಳ್ಳು ಹೇಳಬಾರದು. ಅದಕ್ಕೂ ಸಣ್ಣ ವಯಸ್ಸಿನಿಂದ ಸಾಧನೆ ಬೇಕು.

ಮಗಳು ಹುಟ್ಟಿದ್ದು ರಾತ್ರಿ, ಹನ್ನೆರಡು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ. ನಕ್ಷತ್ರ ಮೂಲಾ. ಹನ್ನೆರಡು ದಾಟಿ ಇನ್ನೂ ಸ್ವಲ್ಪ ಹೊತ್ತು ತಾಯಿಯ ಹೊಟ್ಟೆಯಲ್ಲೇ ಇದ್ದಿದ್ದರೆ ಪೂರ್ವಾಷಾಢ ಆಗುತ್ತಿತ್ತು. ಮೂಲಾ ನಕ್ಷತ್ರದ ಹುಡುಗಿ ಮನೆಗೆ ಬಂದರೆ ಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಎಷ್ಟು ಗಟ್ಟಿಯೆಂದರೆ, ಎಂ.ಎಸ್ಸಿ. ಮಾಡಿದವರೂ ‘ನಾವೇನೂ ನಂಬಲ್ಲ ಸಾರ್, ಆದರೆ ಮನೇಲಿ ಹಿರಿಯರು ಇದಾರಲ್ಲ’ ಎಂದು ಜಾತಕವನ್ನು ಮಡಿಸಿ ವಾಪಸು ಕೊಡುತ್ತಿದ್ದರು. ಹಾಗೆ ಹೋದ ಜಾತಕಗಳೆಲ್ಲ ಹೋದ ಹಾಗೆಯೇ ಬಂದವು. ಮಗಳಿಗೆ ಮಾತ್ರ ‘ಜಾತಕ ಕೂಡಿ ಬರಲಿಲ್ಲ ಕಣೆ’ ಎಂದಷ್ಟೇ ಹೇಳುತ್ತಿದ್ದರು. ಅವಳು ‘ಸರಿ ಬಿಡು’ ಎಂದು ಆಫೀಸಿನ ಬಸ್ಸಿಗೆ ಓಡುತ್ತಿದ್ದಳು. ಅವಳ ದೃಷ್ಟಿಯಲ್ಲಿ ಜಾತಕವೂ ಕರೆಂಟು ಬಿಲ್ಲೂ ಒಂದೇ. ಎರಡೂ ಅಪ್ಪನ ಖಾತೆ. ಒಮ್ಮೆಯೂ ಬಿಡಿಸಿ ನೋಡಿದವಳಲ್ಲ.

ಕೊನೆಗೆ ಒಂದು ದಿನ ಪುರೋಹಿತರು ಅಣ್ಣನ ಮುಂದೆ ಒಂದು ತಾತ್ವಿಕ ಪ್ರಶ್ನೆ ಇಟ್ಟರು.

“ಸ್ವಾಮಿ, ಆ ಆಸ್ಪತ್ರೆ ಗಡಿಯಾರ ಸರಿಯಾಗಿತ್ತು ಅಂತ ನಿಮಗೆ ಹ್ಯಾಗೆ ಗೊತ್ತು?”

ಅಣ್ಣನಿಗೆ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಯಾವ ತಂದೆಗೂ ಗೊತ್ತಿರುವುದಿಲ್ಲ.

“ಸರ್ಕಾರಿ ಗಡಿಯಾರ. ನಿಧಾನ ಇದ್ದಿರಬಹುದಲ್ಲ?” ಎಂದರು ಪುರೋಹಿತರು.

ಸರ್ಕಾರಿ ವಸ್ತುಗಳ ನಿಧಾನದ ವಿಷಯದಲ್ಲಿ ಅಣ್ಣನಿಗಿಂತ ಬಲ್ಲವರು ಯಾರಿದ್ದರು? ಹೀಗೆ, ನಮ್ಮ ಹುಡುಗಿ ಹುಟ್ಟಿ ಇಪ್ಪತ್ತು ವರ್ಷಗಳಾಚೆ, ಗಡಿಯಾರದ ಮುಳ್ಳು ಒಂದಿಷ್ಟು ಮುಂದಕ್ಕೆ ಸರಿಯಿತು. ನಕ್ಷತ್ರ ಪೂರ್ವಾಷಾಢ ಆಯಿತು. ಹನ್ನೆರಡು ದಾಟಿದ್ದರಿಂದ ತಾರೀಖೂ ಮಾರನೆಯ ದಿನಕ್ಕೆ ಹೋಯಿತು. ಹೊಸ ಜಾತಕವನ್ನು ಕಂಪ್ಯೂಟರಿನಲ್ಲೇ ತೆಗೆಸಿದರು. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೂ ಆಗ ಗಟ್ಟಿಯಾಗಿತ್ತು.

ಆ ಜಾತಕ ಹಿಡಿದುಕೊಂಡೇ ಜಯನಗರದ ಸಂಬಂಧ ಬಂದದ್ದು. ಹುಡುಗ ಒಳ್ಳೆಯವನು, ಮಾತು ಕಡಿಮೆ, ನಗು ಜಾಸ್ತಿ. ಒಂದು ಹೋಟೆಲಿನಲ್ಲಿ ಇಬ್ಬರನ್ನೇ ಕಾಫಿಗೆ ಕಳಿಸಿದೆವು. ಊಟದ ಹೊತ್ತಾದರೂ ಬರಲಿಲ್ಲ. ಬಂದವಳ ಮುಖ ನೋಡಿ ಅತ್ತಿಗೆ ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿದರು. ಮಗಳು ಮೊದಲ ಸಲ ಒಂದು ಸಂಬಂಧವನ್ನು ಬೇಕು ಎಂದಿದ್ದಳು. ಅದೂ ಬಾಯಿಬಿಟ್ಟು: “ಇದೊಂದನ್ನ ಜಾತಕ ಗೀತಕ ಅಂತ ಕೆಡಿಸ್ಬೇಡಿ ಅಪ್ಪ, ಪ್ಲೀಸ್.”

ಹುಡುಗನ ತಂದೆಗೆ ಹಿಂದಿನ ವರ್ಷವಷ್ಟೇ ಎದೆ ಸೀಳಿ ಆಪರೇಷನ್ನಾಗಿತ್ತು. ತಮಾಷೆಯ ಮನುಷ್ಯ. “ಡಾಕ್ಟ್ರು ಹಳೇ ವೈರಿಂಗ್ ಎಲ್ಲಾ ಕಿತ್ತಾಕಿ ಹೊಸದು ಎಳೆದಿದಾರೆ” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅಣ್ಣ ಮಾತ್ರ ಲೋಟದೊಳಕ್ಕೆ ನೋಡುತ್ತಿದ್ದ.

ನಿಶ್ಚಿತಾರ್ಥವಾಯಿತು. ಛತ್ರ ಗೊತ್ತಾಯಿತು. ಮದುವೆಗೆ ಮುಂಚೆ ಹುಡುಗಿಯ ಹುಟ್ಟುಹಬ್ಬ ಬರುತ್ತಿತ್ತು. ಒಂದು ಸಂಜೆ ಹುಡುಗನ ತಾಯಿ ಫೋನು ಮಾಡಿ, ಗೊತ್ತಾದ ಹುಡುಗಿಗೆ ಮೊದಲ ಹುಟ್ಟುಹಬ್ಬಕ್ಕೆ ಸೀರೆ ಉಡಿಸುವುದು ತಮ್ಮ ಮನೆಯ ಪದ್ಧತಿಯೆಂದೂ, ತಾವೇ ಬರುವುದಾಗಿಯೂ ಹೇಳಿದರು. ಯಾವ ದಿನ ಎಂದು ಕೇಳಲಿಲ್ಲ, ತಾವೇ ಹೇಳಿದರು. ಅದು ಜಾತಕದಲ್ಲಿದ್ದ ದಿನ. ಆಕೆ ನಿವೃತ್ತ ಗಣಿತದ ಮೇಡಂ; ಜಾತಕದ ಜೆರಾಕ್ಸನ್ನು ಗಾಡ್ರೇಜಿನಲ್ಲಿಟ್ಟವರು.

ಅತ್ತಿಗೆ ಊಟಕ್ಕೆ ಬಡಿಸುತ್ತ ಇದನ್ನು ಅರ್ಧ ದನಿಯಲ್ಲಿ ಅಣ್ಣನಿಗೆ ಹೇಳಿದರು. “ಒಂದು ದಿನ ಆಚೆ ಈಚೆ ತಾನೆ, ಮಗಳಿಗೆ ಏನಾದರೂ ಹೇಳಿದರಾಯಿತು” ಎಂದು ಅಣ್ಣ ಅನ್ನುತ್ತಿರುವಾಗಲೇ ಮಗಳು ಕೈ ತೊಳೆದು ಬಂದು ಕೂತಳು. ತಟ್ಟೆ ಎಳೆದುಕೊಳ್ಳುತ್ತಲೇ, “ಅವರ ತಂಗಿ ನನ್ನ ಫ್ರೆಂಡ್ ಲಿಸ್ಟಿಗೆ ಬಂದ್ಳು ಅಮ್ಮ, ಸಖತ್ ಜೋರಿದಾಳೆ” ಎಂದಳು.

“ಎಲ್ಲಿಗೆ ಬಂದ್ಳು?” ಎಂದ ಅಣ್ಣ.

ಆಗ ಊರಿನ ಹುಡುಗ ಹುಡುಗಿಯರೆಲ್ಲ ಬಿದ್ದು ಹೊರಳಾಡುತ್ತಿದ್ದ ಒಂದು ಜಾಲತಾಣವಿತ್ತು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ. ಫೋಟೋ, ಇಷ್ಟಾನಿಷ್ಟ, ಓದಿದ ಸ್ಕೂಲು, ಎಲ್ಲ. ಒಬ್ಬರಿಗೊಬ್ಬರು ಬರೆದ ಮಾತನ್ನು ಇಡೀ ಲೋಕ ಓದಬಹುದು. ಮಗಳು ಅದನ್ನೆಲ್ಲ ಅಪ್ಪನಿಗೆ ತಾಳ್ಮೆಯಿಂದ ವಿವರಿಸಿದಳು. ಕೊನೆಗೆ ಅದರ ದೊಡ್ಡ ಗುಣವನ್ನೂ ಹೇಳಿದಳು:

“ಯಾರ ಬರ್ತ್‌ಡೇನೂ ಮರೆಯೋ ಹಾಗೇ ಇಲ್ಲ ಅಪ್ಪ. ಎರಡು ದಿನ ಮುಂಚೆಯಿಂದ್ಲೇ ಎಲ್ಲರಿಗೂ ಅದೇ ತೋರಿಸುತ್ತೆ.”

ಅಣ್ಣನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹುಡುಗನಿಗೆ ಅವಳ ಹುಟ್ಟುಹಬ್ಬ ಗೊತ್ತಿದ್ದೇ ಇರುತ್ತಿತ್ತು, ಅದು ಚಿಂತೆಯಾಗಿರಲಿಲ್ಲ. ಗಂಡುಮಕ್ಕಳು ಇಂಥದ್ದನ್ನು ತಾಯಿಗೆ ಹೇಳುವುದಿಲ್ಲ. ಆದರೆ ಅವನ ತಂಗಿ ಹೇಳುತ್ತಾಳೆ. ಜೋರಿದ್ದಾಳೆ ಎಂದು ಈಗಷ್ಟೇ ಕೇಳಿದೆವಲ್ಲ.

ಊಟವಾದ ಮೇಲೆ ಅಣ್ಣ ಮೇಲೆ ಬಂದ. ನನ್ನ ಕೋಣೆಗೆ ಆತ ಬರುವುದು ನೀರಿನ ಟ್ಯಾಂಕು ಸೋರಿದಾಗ ಮಾತ್ರ.

“ನೀನು ಕಂಪ್ಯೂಟರು ಬಲ್ಲವನು. ಆ ತಾರೀಖು ತೆಗೆಸು.”

“ಅವಳಿಗೇ ನಿಜ ಹೇಳಿಬಿಡಬಾರದಾ ಅಣ್ಣ?”

“ಹೇಳಿದ್ರೆ ಅವಳೇ ಹೋಗಿ ಅವರ ಹತ್ರ ಒದರಿಬಿಡ್ತಾಳೆ. ನಿನಗೆ ಗೊತ್ತಿಲ್ವಾ ಅವಳು?”

ಗೊತ್ತಿತ್ತು. ಪೆನ್ನು ಮನೆಗೆ ತರದವನ ಮಗಳು.

ನಾನು ಬಲ್ಲ ಕಂಪ್ಯೂಟರೆಂದರೆ ಕತ್ರಿಗುಪ್ಪೆಯ ಒಂದು ಸೈಬರ್ ಕೆಫೆಯಲ್ಲಿ ವಾರಕ್ಕೊಮ್ಮೆ ಪತ್ರಿಕೆ ಓದುವುದು. ಅದನ್ನು ನಡೆಸುತ್ತಿದ್ದವನು ಧಾರವಾಡದ ಕಡೆಯವನು. “ಬರ್ರಿ ಸರ, ಇವತ್ತ ಏನ್ ಓದ್ತೀರಿ?” ಎಂದ. ಆ ತಾಣದ ಹೆಸರು ಹೇಳಿದೆ. ಅವನು ನನ್ನ ನರೆತ ತಲೆಗೂದಲನ್ನು ನೋಡಿ, ಏನೂ ಹೇಳದೆ, ಮೂಲೆಯ ಕ್ಯಾಬಿನ್ ಕೊಟ್ಟ. ಆ ಸೌಜನ್ಯ ನನಗೆ ಬಹಳ ನೋವುಂಟುಮಾಡಿತು.

ಒಳಗೆ ಹೋಗಬೇಕಾದರೆ ನನ್ನದೂ ಒಂದು ಪುಟ ಬೇಕಂತೆ. ಹುಟ್ಟಿದ ತಾರೀಖು ಕೇಳಿತು. ವಂಶಪಾರಂಪರ್ಯ ಕಾಪಾಡಿಕೊಂಡು ನಾನೂ ಒಂದು ಸುಳ್ಳು ತಾರೀಖು ಕೊಟ್ಟೆ. ಒಳಗೆ ಹೋದೆ. ನಾನು ಕಲ್ಪಿಸಿಕೊಂಡದ್ದು ಒಂದು ತಾರೀಖು ಮಾತ್ರ. ಅಲ್ಲಿದ್ದದ್ದು ನಮ್ಮ ಹುಡುಗಿಯ ಇಡೀ ದಿನಚರಿ. ಎಷ್ಟು ಹೊತ್ತಿಗೆ ಯಾವ ಸ್ಟಾಪಿನಲ್ಲಿ ನಿಲ್ಲುತ್ತಾಳೆ, ಆಫೀಸಿನಲ್ಲಿ ಯಾರು ಸತಾಯಿಸುತ್ತಾರೆ, ಶನಿವಾರ ಎಲ್ಲಿಗೆ ಹೋಗುತ್ತಾಳೆ. ಮೊಬೈಲ್ ನಂಬರನ್ನು ಯಾರೋ ಗೆಳತಿ ಕೇಳಿದ್ದಳು. ಇವಳು ಅಲ್ಲೇ, ಎಲ್ಲರೆದುರಿಗೇ ಬರೆದುಕೊಟ್ಟಿದ್ದಳು. ‘ಮನೆಯಲ್ಲಿ ಇವತ್ತು ಯಾರೂ ಇಲ್ಲ, ಬಾರೆ’ ಎಂದು ಇನ್ನೊಬ್ಬಳಿಗೆ. ಹಳೆಯ ಕಾಲದ ಆ ಒಂದೇ ಫೋನಿನ ಮುಂದೆ ಕೂಗುತ್ತಿದ್ದಂತೆಯೇ ಇದೂ. ಆಗ ಕೇಳುತ್ತಿದ್ದದ್ದು ಒಂದು ರಸ್ತೆ. ಬಂದ ಕೆಲಸ ಮರೆತು, ಇದನ್ನೆಲ್ಲ ಇನ್ನು ಯಾರ್ಯಾರು ಓದಿರಬಹುದೆಂದು ಲೆಕ್ಕ ಹಾಕತೊಡಗಿದೆ. ಪುಟದ ಪಕ್ಕದಲ್ಲಿ ಆ ತಾರೀಖು. ನಿಜವಾದದ್ದು. ವರ್ಷವನ್ನು ಮಾತ್ರ ಮುಚ್ಚಿಟ್ಟಿದ್ದಳು.

ಮಾರನೆಯ ಸಂಜೆ ಮೆಟ್ಟಿಲ ಮೇಲೆ ಅವಳನ್ನು ತಡೆದು, ಖಾಸಗಿತನದ ಬಗ್ಗೆ ಒಂದು ಉಪನ್ಯಾಸ ಆರಂಭಿಸಿದೆ. ಕಾಲ ಕೆಟ್ಟಿದೆ, ಯಾರೋ ಎಲ್ಲಿಯೋ ಕೂತು ಎಲ್ಲವನ್ನೂ ಓದುತ್ತಾರೆ, ಹೆಣ್ಣುಮಕ್ಕಳು ತಮ್ಮ ವಿವರಗಳನ್ನು ಬಯಲಿಗಿಡಬಾರದು, ಮುಖ್ಯವಾಗಿ ಹುಟ್ಟಿದ ತಾರೀಖು. ಪ್ರತಿ ಮಾತೂ ಸತ್ಯವಾಗಿತ್ತು. ನಾನು ಅದನ್ನು ಹೇಳುತ್ತಿದ್ದ ಕಾರಣ ಮಾತ್ರ ಬೇರೆಯಿತ್ತು.

“ಯಾರೋ ಎಲ್ಲಿಯೋ ಕೂತು ಓದ್ತಾರಾ ಚಿಕ್ಕಪ್ಪ?” ಎಂದಳು ಅವಳು.

“ಹೌದಮ್ಮ.”

“ಕತ್ರಿಗುಪ್ಪೇಲಿ ಕೂತು?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಯಾರ್ ಯಾರು ನಮ್ಮ ಪೇಜಿಗೆ ಬಂದು ನೋಡಿದ್ರು ಅಂತ ಅದು ತೋರಿಸುತ್ತೆ ಚಿಕ್ಕಪ್ಪ. ನಿನ್ನೆ ನಿನ್ನ ಹೆಸರಿತ್ತು. ಫೋಟೋ ಬೇರೆ ಹಾಕಿಲ್ಲ, ಕಳ್ಳನ ಥರ.” ನಗುತ್ತಿದ್ದವಳು ನಗು ನಿಲ್ಲಿಸಿದಳು. “ಫೋನ್ ನಂಬರ್ ತೆಗೀತೀನಿ. ಬಸ್‌ಸ್ಟಾಪಿಂದೂ ತೆಗೀತೀನಿ. ಅದು ನೀನು ಹೇಳಿದ್ದು ಸರಿ. ಆದ್ರೆ ಬರ್ತ್‌ಡೇ ಯಾಕೆ? ವರ್ಷ ಆಗಲೇ ಹೈಡ್ ಮಾಡಿದೀನಲ್ಲ.”

ಲೋಕದ ಹೆಂಗಸರೆಲ್ಲ ಮುಚ್ಚಿಡುವುದು ವರ್ಷವನ್ನು. ನಮ್ಮ ಮನೆಗೆ ವರ್ಷದಿಂದ ಯಾವ ತೊಂದರೆಯೂ ಇರಲಿಲ್ಲ, ಬೇಕಾಗಿದ್ದದ್ದು ದಿನ. ಅದಕ್ಕೆ ಕಾರಣ ಕೊಡುವಂತಿರಲಿಲ್ಲ. “ಸುಮ್ನೆ ಹೇಳ್ದೆ” ಎಂದು ಮೇಲೆ ಹತ್ತಿದೆ. ಅವಳು ಮೆಟ್ಟಿಲ ಮೇಲೆಯೇ ನಿಂತು ನನ್ನ ಬೆನ್ನನ್ನು ನೋಡುತ್ತಿದ್ದಳೆಂದು ತಿರುಗದೆಯೂ ಗೊತ್ತಾಗುತ್ತಿತ್ತು.

ಆ ದಿನ ಬಂತು. ನಿಜವಾದ ದಿನ. ಶನಿವಾರವಾದ್ದರಿಂದ ಮಗಳು ಮನೆಯಲ್ಲೇ ಇದ್ದಳು. ಅತ್ತಿಗೆ ಎಂದಿನಂತೆ ಎಣ್ಣೆ ಒತ್ತಿ ನೀರೆರೆದರು, ಪಾಯಸ ಮಾಡಿದರು. “ನಾಳೆ ಸೀರೆ ತರ್ತಾರಂತೆ, ಭಾನುವಾರ ಅಲ್ವಾ, ಅವರಿಗೆ ಅನುಕೂಲ” ಎಂದರು. ಸುಳ್ಳನ್ನು ಭಾನುವಾರದ ತಲೆಗೆ ಕಟ್ಟಿದ್ದು ಅತ್ತಿಗೆಯ ಜಾಣತನ. ಬೆಳಗಿನಿಂದ ಮಗಳ ಮೊಬೈಲು ಕಿಣಿಗುಟ್ಟುತ್ತಲೇ ಇತ್ತು. ಪ್ರತಿ ಸದ್ದಿಗೂ ಅಣ್ಣ ಪತ್ರಿಕೆಯ ಹಾಳೆ ತಿರುಗಿಸುತ್ತಿದ್ದ, ಓದುತ್ತಿರಲಿಲ್ಲ. ನಾನು ಕಾಫಿಯ ನೆಪದಲ್ಲಿ ಕೆಳಗೇ ಉಳಿದೆ. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಬಚಾವಾದೆವೆಂದು ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಆಮೇಲೆ ಮನೆಯ ಫೋನು ಹೊಡೆದುಕೊಂಡಿತು. ಅಣ್ಣ ಎತ್ತಿದ. ಹುಡುಗನ ತಾಯಿಯ ದನಿ ತರಗತಿಯ ಕೊನೆಯ ಬೆಂಚಿಗೂ ಕೇಳುವಂಥದ್ದು, ನನಗೂ ಕೇಳಿಸಿತು.

“ನಮ್ಮ ಮಗಳು ಕಂಪ್ಯೂಟರಲ್ಲಿ ತೋರಿಸಿದ್ಳು. ಇವತ್ತೇ ಹುಟ್ಟಿದಬ್ಬ ಅಂತ ಎಲ್ಲರೂ ವಿಷ್ ಮಾಡಿದಾರಲ್ಲ?”

“ಅದು… ಅದು ಸ್ಕೂಲ್ ಡೇಟು,” ಎಂದ ಅಣ್ಣ.

ನಾನು ಮನಸ್ಸಿನಲ್ಲೇ ಭೇಷ್ ಎಂದೆ. ನಮ್ಮ ಕಡೆ ಅರ್ಧ ಜನಕ್ಕೆ ಎರಡು ಹುಟ್ಟಿದ ದಿನ. ಒಂದು ತಾಯಿ ಬಲ್ಲದ್ದು, ಇನ್ನೊಂದು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಆದರೆ ಆಕೆಯೂ ಮೇಡಮ್ಮೇ.

“ಸ್ಕೂಲ್ ಡೇಟು ಅಂದ್ರೆ ವರ್ಷ ಹೆಚ್ಚುಕಡಿಮೆ ಮಾಡ್ತಾರೆ, ತಿಂಗಳು ಮಾಡ್ತಾರೆ. ಬರೀ ಒಂದು ದಿನ ಯಾರು ಮಾಡ್ತಾರೆ ಹೇಳಿ?” ಅಣ್ಣನ ಉತ್ತರಕ್ಕೆ ಕಾಯದೆ, “ಸಾಯಂಕಾಲ ನಾವು ಬರ್ತೀವಿ” ಎಂದು ಇಟ್ಟರು.

ಅಣ್ಣ ರಿಸೀವರು ಇಟ್ಟು ತಿರುಗಿದಾಗ ಬಾಗಿಲಲ್ಲಿ ಮಗಳಿದ್ದಳು.

“ನನ್ನ ಸ್ಕೂಲ್ ಡೇಟು ಬೇರೆ ಯಾವತ್ತಾಯ್ತು ಅಪ್ಪ?”

ಅವಳು ನನ್ನ ಕಡೆ ನೋಡಿದಳು. ಮೆಟ್ಟಿಲ ಮೇಲಿನ ಉಪನ್ಯಾಸ ಅವಳಿಗೆ ಆಗ ಅರ್ಥವಾಗತೊಡಗಿತ್ತು. ಅಣ್ಣ ಕುರ್ಚಿಯಲ್ಲಿ ಕೂತು, ಕಚೇರಿಯಲ್ಲಿ ವರದಿ ಒಪ್ಪಿಸುವವನಂತೆ ಎಲ್ಲವನ್ನೂ ಹೇಳಿದ. ಮೂಲಾ, ವಾಪಸು ಬಂದ ಜಾತಕಗಳು, ಆಸ್ಪತ್ರೆಯ ಗಡಿಯಾರ. ಅವಳು ನಿಂತೇ ಕೇಳಿದಳು.

“ಅಂದ್ರೆ ನಾನು ಹೋದ್ರೆ ಅವರಪ್ಪ ಸತ್ತೋಗ್ತಾರೆ ಅಂತ ನೀನು ನಂಬ್ತೀಯಾ?”

“ಛೆ! ನಾನು ನಂಬಲ್ಲ ಮಗಳೇ.”

“ನಂಬದಿದ್ರೆ ಯಾಕೆ ಬದಲಾಯಿಸ್ದೆ?”

“ಅವರು ನಂಬ್ತಾರಲ್ಲ.”

“ಅವರನ್ನ ಕೇಳಿದ್ಯಾ?”

ಅತ್ತಿಗೆ ಒಳಗಿನಿಂದ, “ಸಾಯಂಕಾಲ ಒಂದು ಮಾತು ಹೌದು ಅಂದ್ಬಿಡೇ. ಸ್ಕೂಲ್ ಡೇಟು ಅಂತ. ಒಂದೇ ಮಾತು. ನಿನಗೆ ಅವನು ಬೇಕು ತಾನೆ?” ಎಂದರು.

“ಬೇಕು,” ಎಂದಳು ಮಗಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮೂವರೂ ಆ ಬಾಗಿಲನ್ನೇ ನೋಡುತ್ತ ಕೂತೆವು. ಅವಳು ಆ ಒಂದು ಮಾತು ಆಡುತ್ತಾಳೋ ಇಲ್ಲವೋ ಎಂಬುದು ನಮಗೆ ಸಂಜೆಯವರೆಗೂ ತಿಳಿಯಲಿಲ್ಲ.

ಅವರು ದೀಪ ಹಚ್ಚುವ ಹೊತ್ತಿಗೆ ಬಂದರು. ಹುಡುಗ, ತಂದೆ, ತಾಯಿ. ತಾಯಿಯ ಮಡಿಲಲ್ಲಿ ಸೀರೆಯ ಕವರಿತ್ತು. ಅದನ್ನು ಟೀಪಾಯಿಯ ಮೇಲಿಡಲಿಲ್ಲವೆಂಬುದನ್ನು ಅತ್ತಿಗೆಯೂ ನೋಡಿದರು, ನಾನೂ ನೋಡಿದೆ. ಕೋಡುಬಳೆ ಬಂತು, ಕಾಫಿ ಬಂತು. ಟ್ರಾಫಿಕ್ಕಿನ ಬಗ್ಗೆ, ಬನಶಂಕರಿ ಬಸ್‌ಸ್ಟ್ಯಾಂಡಿನ ಗಲಾಟೆಯ ಬಗ್ಗೆ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಆಸಕ್ತಿ ತೋರಿಸಿದೆವು. ಮಗಳು ಬಂದು ಎಲ್ಲರಿಗೂ ನಮಸ್ಕಾರ ಮಾಡಿ ಕೂತಳು. ಹುಡುಗ ಅವಳನ್ನು ನೋಡಿ ನಕ್ಕ. ಅವನಿಗೆ ಏನೂ ಗೊತ್ತಿದ್ದಂತಿರಲಿಲ್ಲ.

“ಏನಮ್ಮಾ,” ಎಂದರು ತಾಯಿ, “ಈ ಸೀರೆ ಇವತ್ತು ಕೊಡ್ಲೋ, ನಾಳೆ ಕೊಡ್ಲೋ?”

ಅಣ್ಣ ಬಾಯಿ ತೆರೆದ. ಅದಕ್ಕೆ ಮೊದಲೇ ಅವಳು ಹೇಳಿದಳು.

“ಇವತ್ತು ಆಂಟಿ. ಹುಟ್ಟಿದ್ದು ಇವತ್ತೇ. ಹನ್ನೆರಡಕ್ಕೆ ಮುಂಚೆ. ಮೂಲಾ ನಕ್ಷತ್ರ ಅಂತೆ. ನನಗೂ ಇವತ್ತೇ ಗೊತ್ತಾಗಿದ್ದು.”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಾಯಿ ಅಣ್ಣನ ಕಡೆ ಒಮ್ಮೆ ನೋಡಿದರು; ಆ ನೋಟವನ್ನು ಅವನು ಬಹಳ ಕಾಲ ಮರೆಯಲಿಲ್ಲ. ಆದರೆ ನಮ್ಮ ಕಣ್ಣೆಲ್ಲ ಹುಡುಗನ ತಂದೆಯ ಮೇಲಿತ್ತು. ಆತ ಏನಾದರೂ ತಮಾಷೆ ಮಾಡುತ್ತಾರೆ, ಹೊಸ ವೈರಿಂಗು, ಮೂಲಾ ಏನು ಮಾಡೀತು ಎಂದು ಎದೆ ತಟ್ಟಿಕೊಳ್ಳುತ್ತಾರೆ, ಎಲ್ಲ ನಗುತ್ತಾರೆ, ಮುಗಿಯುತ್ತದೆ ಎಂದು ನಾನು ಕಾದೆ. ಮಗಳೂ ಅದಕ್ಕೇ ಕಾಯುತ್ತಿದ್ದಳೆಂದು ಅವಳ ಮುಖ ಹೇಳುತ್ತಿತ್ತು.

ಆತನ ಕೈ ಎದೆಯ ಮೇಲೆ ಹೋಯಿತು. ತಟ್ಟಲಿಲ್ಲ. ಅಲ್ಲೇ ನಿಂತಿತು.

“ಮಗೂ,” ಎಂದರು ಕೊನೆಗೆ, “ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ಮೇಲೆ ನನಗೆ ಏನೂ ಇಲ್ಲ. ಆದ್ರೆ ಸುಳ್ಳು ಯಾಕೆ ಹೇಳ್ಲಿ… ನನಗೆ ಭಯ ಆಗುತ್ತೆ ಕಣಮ್ಮ.”

ಸುಳ್ಳು ಹೇಳಬೇಕಾದ ಒಂದೇ ಒಂದು ಜಾಗದಲ್ಲಿ ಆ ಮನುಷ್ಯ ನಿಜ ಹೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

“ಅಪ್ಪ,” ಎಂದ ಹುಡುಗ.

“ಸುಮ್ನಿರೋ,” ಎಂದರು ತಾಯಿ. ಹುಡುಗ ಸುಮ್ಮನಿದ್ದ. ಅವನ ಕಾಫಿ ಕೆನೆಗಟ್ಟಿತು. ಹೊರಡುವಾಗ ಅತ್ತಿಗೆ ಕುಂಕುಮದ ಬಟ್ಟಲು ಹಿಡಿದರು. ಆಕೆ ಇಟ್ಟುಕೊಂಡರು, ಅದನ್ನು ಬೇಡವೆನ್ನುವಷ್ಟು ಕೆಟ್ಟವರಲ್ಲ. ಸೀರೆಯ ಕವರು ಬಂದ ಹಾಗೆಯೇ ಹೋಯಿತು. ಗೇಟಿನಲ್ಲಿ ಹುಡುಗ ಒಮ್ಮೆ ತಿರುಗಿ ನೋಡಿದ. ಎದುರು ಮನೆಯವರೂ ನೋಡುತ್ತಿದ್ದರು.

ಮುಂದಿನ ವಾರಗಳಲ್ಲಿ ಫೋನು ಬರಲಿಲ್ಲ. ಹುಡುಗನ ತಂಗಿ ಬರೆದಿದ್ದ ಶುಭಾಶಯ ಪುಟದಿಂದ ಮಾಯವಾಯಿತು. ಒಂದು ಸಂಜೆ ಮಗಳು ತಾನಾಗಿಯೇ ನನ್ನನ್ನು ಕತ್ರಿಗುಪ್ಪೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಪುಟ ತೆಗೆದಳು. ಬಂದು ನೋಡಿದವರ ಸಾಲಿನಲ್ಲಿ ಅವನಿದ್ದ.

“ದಿನಾ ಬರ್ತಾನೆ ಚಿಕ್ಕಪ್ಪ,” ಎಂದಳು. “ಬಂದು ನೋಡಿ ಹೋಗ್ತಾನೆ. ಒಂದಕ್ಷರ ಬರೆಯಲ್ಲ.”

“ಬರೀಬಹುದು ಬಿಡಮ್ಮ. ಹೊತ್ತು ಬೇಕು.”

“ಬರೀಲಿ ಅಂತ್ಲೇ ಓಪನ್ ಇಟ್ಟಿದೀನಿ.”

ಇನ್ನಷ್ಟು ದಿನ ಹಾಗೆಯೇ ಇಟ್ಟಳು. ಕೆಳಗೆ ಅಣ್ಣ ದಿನವೂ ಏನನ್ನೂ ಕೇಳದೆ ಅವಳ ಮುಖ ನೋಡುತ್ತಿದ್ದ. ಆಮೇಲೊಂದು ದಿನ, ಯಾರು ಬಂದು ನೋಡಿದರೆಂದು ತೋರಿಸುವ ಆ ಸೌಕರ್ಯವನ್ನು ಅವಳು ನಿಲ್ಲಿಸಿಬಿಟ್ಟಳು. ಹುಟ್ಟಿದ ತಾರೀಖನ್ನು ತೆಗೆಯಲಿಲ್ಲ.

ಮದುವೆ ನಡೆಯಲಿಲ್ಲ.